‘ಐ ಆಮ್ ನೋಯಿಂಗ್’ ಎಂದವರನ್ನು ಕಂಡು ನಗುವ ಮೊದಲು

ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವರಿಗೆ, ಓದದವರನ್ನು ಗುರುತಿಸಲು ಎರಡು ವಾಕ್ಯ ಸಾಕು. ಒಂದು, ‘ಐ ಆಮ್ ಹ್ಯಾವಿಂಗ್ ಟೂ ಬ್ರದರ್ಸ್’. ಇನ್ನೊಂದು, ‘ಐ ಆಮ್ ನೀಡಿಂಗ್ ಸಮ್ ಇನ್‌ಫರ್ಮೇಶನ್ಸ್’. ಮೊದಲನೆಯದರಲ್ಲಿ ಕ್ರಿಯಾಪದದ ಬಾಲಕ್ಕೆ ‘ಇಂಗ್’ ಅನಗತ್ಯವಾಗಿ ಅಂಟಿಕೊಂಡಿದೆ. ಎರಡನೆಯದರಲ್ಲಿ ಆ ‘ಇಂಗ್’ ಜೊತೆಗೆ ಎಣಿಸಲಾಗದ ವಸ್ತುವನ್ನು ಎಣಿಸಿದ್ದಾರೆ. ಎರಡರಲ್ಲೂ ಹೇಳಬೇಕಾದ ವಿಷಯ ಪೂರ್ತಿಯಾಗಿ ತಲುಪಿದೆ. ಆದರೂ ಮೇಜಿನ ಆಚೆ ಕೂತವರ ತುಟಿಯಂಚಿನಲ್ಲಿ ಒಂದು ಸಣ್ಣ ನಗೆ ಬಂದು ಹೋಗುತ್ತದೆ, ಅರ್ಜಿ ಪಕ್ಕಕ್ಕೆ ಸರಿಯುತ್ತದೆ.

ಇದು ಹೊಸ ನಗೆಯಲ್ಲ. ಮುಂಬೈಯ ಕವಿ ನಿಸ್ಸಿಮ್ ಎಝೆಕಿಯಲ್ ‘ಗುಡ್‌ಬೈ ಪಾರ್ಟಿ ಫಾರ್ ಮಿಸ್ ಪುಷ್ಪಾ ಟಿ. ಎಸ್.’ ಎಂಬ ಪದ್ಯವನ್ನು ಬರೆದದ್ದೇ ಈ ‘ಇಂಗ್’ ಮೇಲೆ. ಅದನ್ನು ಓದಿ ನಗದವರು ಕಡಿಮೆ. ಆದರೆ ಪದ್ಯವನ್ನು ಓದಿ ನಗುವುದಕ್ಕೂ, ಕಲಬುರಗಿಯಿಂದಲೋ ಹಾಸನದಿಂದಲೋ ಪುಣೆಗೆ ಬಂದು ಮೊದಲ ಕೆಲಸಕ್ಕೆ ಸಂದರ್ಶನ ಕೊಡುವ ಹುಡುಗಿಯ ಮಾತು ಕೇಳಿ ನಗುವುದಕ್ಕೂ ವ್ಯತ್ಯಾಸವಿದೆ. ಎರಡನೆಯ ನಗೆಗೆ ಬೆಲೆ ತೆರುವವಳು ಅವಳು.

ಈ ತಪ್ಪಿಗೆ ಸಿಗುವ ಸಾಮಾನ್ಯ ವಿವರಣೆ ‘ಮಾತೃಭಾಷೆಯ ಪ್ರಭಾವ’. ಇಂಗ್ಲಿಷ್ ತರಬೇತಿ ಕೇಂದ್ರಗಳ ಮಂತ್ರವೇ ಅದು: ಕನ್ನಡದಲ್ಲಿ ಯೋಚಿಸಬೇಡಿ, ಇಂಗ್ಲಿಷಿನಲ್ಲೇ ಯೋಚಿಸಿ. ಕೇಳಲು ಚೆನ್ನಾಗಿದೆ. ಆದರೆ ಈ ವಿಷಯದಲ್ಲಿ ಅದು ಬಹುಪಾಲು ಸುಳ್ಳು. ಕನ್ನಡದಲ್ಲಿ ಸರಿಯಾಗಿ ಯೋಚಿಸಿದವರು ‘ಐ ಆಮ್ ನೋಯಿಂಗ್’ ಎನ್ನಲು ಸಾಧ್ಯವೇ ಇಲ್ಲ ಎಂಬುದು ನನ್ನ ವಾದ.

ನೋಡಿ. ‘ನನಗೆ ಗೊತ್ತು’ ಎನ್ನುತ್ತೇವೆ. ‘ಗೊತ್ತು’ ಎಂಬ ಪದಕ್ಕೆ ಕಾಲದ ಪ್ರತ್ಯಯವೇ ಇಲ್ಲ. ‘ಬೇಕು’, ‘ಸಾಕು’, ‘ಇಷ್ಟ’ ಇವಕ್ಕೂ ಇಲ್ಲ. ‘ನನಗೆ ಕಾಫಿ ಬೇಕು’ ಎನ್ನುತ್ತೇವೆಯೇ ಹೊರತು ‘ಬೇಕಾಗುತ್ತಿದೆ’ ಎಂದು ಯಾರೂ ಹೋಟೆಲಿನಲ್ಲಿ ಕೇಳುವುದಿಲ್ಲ. ‘ನನಗೆ ಇಬ್ಬರು ಅಣ್ಣಂದಿರಿದ್ದಾರೆ’ ಎನ್ನುತ್ತೇವೆ. ಅಣ್ಣಂದಿರು ‘ಇರುತ್ತಿದ್ದಾರೆ’ ಎನ್ನುವುದಿಲ್ಲ. ನಡೆಯುತ್ತಿರುವ ಕೆಲಸ ಬೇರೆ, ಇರುವ ಸ್ಥಿತಿ ಬೇರೆ ಎಂಬ ಗೆರೆಯನ್ನು ಕನ್ನಡ ಸ್ಪಷ್ಟವಾಗಿ ಎಳೆದಿದೆ. ‘ಗೊತ್ತು’ ಎಂದರೆ ಸ್ಥಿತಿ; ‘ಗೊತ್ತಾಗುತ್ತಿದೆ’ ಎಂದರೆ ಈಗೀಗ ನಡೆಯುತ್ತಿರುವ ಬದಲಾವಣೆ. ಇಂಗ್ಲಿಷ್ ವ್ಯಾಕರಣ ಸ್ಥಿತಿವಾಚಕ ಕ್ರಿಯಾಪದಗಳ ಉದ್ದದ ಪಟ್ಟಿ ಕೊಟ್ಟು ಕಲಿಸುವುದೂ ಇದೇ ಭೇದವನ್ನು. ಬ್ರಿಟಿಷ್ ಭಾರತದ ಶಾಲೆಗಳಿಗಾಗಿ ಹುಟ್ಟಿದ ರೆನ್ ಮತ್ತು ಮಾರ್ಟಿನ್ ವ್ಯಾಕರಣದಲ್ಲಿ ಆ ಪಟ್ಟಿ ಇದೆ. ತಲೆಮಾರುಗಳು ಅದನ್ನು ಬಾಯಿಪಾಠ ಮಾಡಿವೆ. ಕನ್ನಡದಲ್ಲಿ ನೀವು ಗೊತ್ತು, ಬೇಕು, ಇಷ್ಟ, ಇದೆ, ನಂಬಿಕೆಯಿದೆ ಎನ್ನುವ ಕಡೆ ಇಂಗ್ಲಿಷಿನಲ್ಲಿ ‘ಇಂಗ್’ ಹಚ್ಚಬೇಡಿ ಎಂದು ಒಂದೇ ಸಾಲಿನಲ್ಲಿ ಹೇಳಿದ್ದರೆ ಅರ್ಧ ಪಟ್ಟಿ ಉಳಿಯುತ್ತಿತ್ತು.

ಹಾಗಾದರೆ ಈ ‘ಇಂಗ್’ ಬಂದದ್ದೆಲ್ಲಿಂದ? ಇಂಗ್ಲಿಷಿನ ಒಳಗಿಂದಲೇ ಎಂದು ನನಗನ್ನಿಸುತ್ತದೆ. ಸಾಮಾನ್ಯ ವರ್ತಮಾನಕಾಲ ಹೆಸರಿಗಷ್ಟೇ ಸಾಮಾನ್ಯ. ‘ಹಿ ನೋಸ್’ ಎಂಬುದಕ್ಕೆ ‘ಎಸ್’ ಹಚ್ಚಬೇಕು. ಪ್ರಶ್ನೆ ಕೇಳುವಾಗ ಎಲ್ಲಿಂದಲೋ ‘ಡಸ್’ ತರಬೇಕು, ತಂದ ಕೂಡಲೇ ಆ ‘ಎಸ್’ ಕಿತ್ತುಹಾಕಬೇಕು. ನಿಷೇಧಕ್ಕೆ ‘ಡಸ್ ನಾಟ್’ ಬೇಕು. ಭಯದಲ್ಲಿರುವ ಮನುಷ್ಯನಿಗೆ ಇದು ಮೂರು ಬಲೆಗಳಿರುವ ದಾರಿ. ‘ಈಸ್’ ಜೊತೆಗಿನ ‘ಇಂಗ್’ ರೂಪವಾದರೋ ಸಾಫ್ ರಸ್ತೆ. ‘ಹಿ ಈಸ್ ನೋಯಿಂಗ್’, ‘ಈಸ್ ಹಿ ನೋಯಿಂಗ್’, ‘ಹಿ ಈಸ್ ನಾಟ್ ನೋಯಿಂಗ್’ – ಕ್ರಿಯಾಪದ ಅಲುಗಾಡುವುದೇ ಇಲ್ಲ. ಜೊತೆಗೆ ಶಾಲೆಯಲ್ಲಿ ಮೊದಲು ಕಲಿಸುವುದು ಅದನ್ನೇ. ಮೇಷ್ಟ್ರು ನಿಂತು ‘ಐ ಆಮ್ ಸ್ಟ್ಯಾಂಡಿಂಗ್’ ಎನ್ನುತ್ತಾರೆ, ಕೂತು ‘ಐ ಆಮ್ ಸಿಟ್ಟಿಂಗ್’ ಎನ್ನುತ್ತಾರೆ. ಅಭಿನಯಿಸಿ ತೋರಿಸಲು ಅನುಕೂಲ. ‘ತಿಳಿದಿರುವುದನ್ನು’ ಅಭಿನಯಿಸಿ ತೋರಿಸುವುದು ಹೇಗೆ? ಹೀಗಾಗಿ ಕಣ್ಣಿಗೆ ಕಾಣುವ ಕೆಲಸಗಳ ಅಚ್ಚಿನಲ್ಲೇ ಕಣ್ಣಿಗೆ ಕಾಣದ ಸ್ಥಿತಿಗಳನ್ನೂ ಮಕ್ಕಳು ಎರಕ ಹೊಯ್ದುಕೊಂಡರು. ನೈಜೀರಿಯಾ, ಸಿಂಗಪುರ, ಐರ್ಲೆಂಡ್‌ಗಳ ಇಂಗ್ಲಿಷಿನಲ್ಲೂ ಇದೇ ಪ್ರವೃತ್ತಿ ಇದೆ. ಅವರ್ಯಾರ ಮಾತೃಭಾಷೆಯೂ ಕನ್ನಡವಲ್ಲ.

ಕನ್ನಡದ ಪಾಲು ಏನೂ ಇಲ್ಲವೆಂದಲ್ಲ. ಫೋನಿನಲ್ಲಿ ‘ಕೇಳಿಸ್ತಾ ಇದೆಯಾ?’ ಎನ್ನುತ್ತೇವೆ, ಹಾಗಾಗಿ ‘ಆರ್ ಯೂ ಹಿಯರಿಂಗ್ ಮಿ’ ಬರುತ್ತದೆ. ‘ಅರ್ಥ ಆಗ್ತಿದೆ’ ಎಂಬುದರಿಂದ ‘ಐ ಆಮ್ ಅಂಡರ್‌ಸ್ಟ್ಯಾಂಡಿಂಗ್’. ಇಪ್ಪತ್ತು ವರ್ಷದಿಂದ ಒಂದೇ ಬ್ಯಾಂಕಿನಲ್ಲಿರುವವರೂ ‘ಬ್ಯಾಂಕಿನಲ್ಲಿ ಕೆಲಸ ಮಾಡ್ತಾ ಇದ್ದೀನಿ’ ಎನ್ನುತ್ತಾರೆ. ಅದನ್ನೇ ಇಂಗ್ಲಿಷಿಗೆ ತಂದರೆ, ಕೇಳಿದವರಿಗೆ ಇದೇನೋ ತಾತ್ಕಾಲಿಕ ಕೆಲಸ ಎಂಬ ಸದ್ದು ಕೇಳುತ್ತದೆ. ಇಲ್ಲಿ ಅರ್ಥವೇ ಕೆಡುವುದರಿಂದ ಇದನ್ನು ತಿದ್ದಿ ಹೇಳಬೇಕು. ಆದರೆ ಎಲ್ಲಿ ಕನ್ನಡ ದಾರಿ ತೋರುತ್ತದೆ, ಎಲ್ಲಿ ದಾರಿ ತಪ್ಪಿಸುತ್ತದೆ ಎಂದು ಬಿಡಿಸಿ ಹೇಳಬೇಕಾದರೆ ಕಲಿಸುವವರು ಕನ್ನಡವನ್ನು ತರಗತಿಯೊಳಗೆ ಬಿಟ್ಟುಕೊಳ್ಳಲೇಬೇಕು. ಬಾಗಿಲಲ್ಲಿ ತಡೆದು ನಿಲ್ಲಿಸಿದ ಭಾಷೆ ಕಿಟಕಿಯಿಂದ ಬರುತ್ತದೆ, ಆಗ ಯಾವುದು ಎಲ್ಲಿಂದ ಬಂತೆಂದು ಯಾರಿಗೂ ತಿಳಿಯುವುದಿಲ್ಲ.

ಇನ್ನು ಪರಿಮಾಣ ಹೇಳುವ ಪದಗಳು. ‘ಮಚ್’ ಮತ್ತು ‘ಮೆನಿ’, ‘ಫ್ಯೂ’ ಮತ್ತು ‘ಲಿಟಲ್’. ಇಲ್ಲಿ ಕನ್ನಡ ಮತ್ತು ಇಂಗ್ಲಿಷ್ ಲೋಕವನ್ನು ಕತ್ತರಿಸುವ ಜಾಗವೇ ಬೇರೆ. ಇಂಗ್ಲಿಷ್ ಕೇಳುವ ಪ್ರಶ್ನೆ: ಇದನ್ನು ಎಣಿಸಬಹುದೇ, ಇಲ್ಲವೇ? ಕನ್ನಡ ಕೇಳುವ ಪ್ರಶ್ನೆ: ಇದು ಮನುಷ್ಯನೇ, ಅಲ್ಲವೇ? ಎರಡು ಪುಸ್ತಕ, ಆದರೆ ಇಬ್ಬರು ಮಕ್ಕಳು. ಮೂರು ಮನೆ, ಮೂವರು ಗೆಳೆಯರು. ಕೆಲವು ಮರ, ಕೆಲವರು ರೈತರು. ಎಲ್ಲವೂ, ಎಲ್ಲರೂ. ಎಣಿಕೆಯ ವಿಷಯದಲ್ಲಾದರೋ ನಮಗೆ ‘ಎಷ್ಟು’ ಒಂದೇ ಸಾಕು – ಎಷ್ಟು ನೀರು, ಎಷ್ಟು ಜನ. ಹಾಗಾಗಿ ‘ಹೌ ಮಚ್ ಪೀಪಲ್’ ಎಂದವರು ದಡ್ಡರಲ್ಲ. ಅವರ ಭಾಷೆ ಆ ಗೆರೆಯನ್ನು ಅಲ್ಲಿ ಎಳೆದಿಲ್ಲ, ಅಷ್ಟೆ.

ಇಂಗ್ಲಿಷಿನ ಆ ಗೆರೆಯಾದರೂ ತರ್ಕಬದ್ಧವೇ? ಅಡುಗೆಮನೆಯ ಡಬ್ಬಿಗಳನ್ನೇ ತೆಗೆದು ನೋಡಿ. ‘ರೈಸ್’ ಎಣಿಸಲಾಗದ್ದು, ‘ಬೀನ್ಸ್’ ಎಣಿಸಬಹುದಾದದ್ದು. ‘ವೀಟ್’ ಏಕವಚನ, ‘ಓಟ್ಸ್’ ಬಹುವಚನ. ಗೋಧಿಗೂ ಓಟ್ಸ್‌ಗೂ ಗಾತ್ರದಲ್ಲಿ ಎಷ್ಟು ವ್ಯತ್ಯಾಸ? ನಾಣ್ಯ ಎಣಿಸಬಹುದು, ‘ಮನಿ’ ಎಣಿಸುವಂತಿಲ್ಲ – ಬ್ಯಾಂಕಿನವರು ಬೆಳಗಿನಿಂದ ಸಂಜೆಯವರೆಗೆ ಮಾಡುವ ಕೆಲಸವೇ ಅದಾದರೂ! ಕನ್ನಡದಲ್ಲಿ ಸಲಹೆಗಳು, ಮಾಹಿತಿಗಳು, ಸಾಮಾನುಗಳು, ಪೀಠೋಪಕರಣಗಳು ಎಲ್ಲವೂ ಸಲೀಸು. ‘ಅಡ್ವೈಸಸ್’, ‘ಫರ್ನಿಚರ್ಸ್’, ‘ಲಗೇಜಸ್’ ಬರುವುದು ಅಲ್ಲಿಂದ. ಇವಕ್ಕೆ ನಿಯಮವಿಲ್ಲ, ರೂಢಿಯಿದೆ. ನಿಯಮವೆಂದು ಕಲಿಸಿದರೆ ಮಗು ತನ್ನ ಬುದ್ಧಿಯಲ್ಲೇ ದೋಷವಿದೆ ಎಂದುಕೊಳ್ಳುತ್ತದೆ. ರೂಢಿಯೆಂದು ಹೇಳಿಕೊಟ್ಟರೆ ಕಲಿತು ಮುಂದೆ ಹೋಗುತ್ತದೆ.

‘ಫ್ಯೂ’ ಮತ್ತು ‘ಎ ಫ್ಯೂ’ ವಿಷಯ ಇನ್ನೂ ಸ್ವಾರಸ್ಯದ್ದು. ‘ಎ ಫ್ಯೂ’ ಎಂದರೆ ಕೆಲವರು ಬಂದರು, ಸಮಾಧಾನ. ಬರಿಯ ‘ಫ್ಯೂ’ ಎಂದರೆ ಕೆಲವರೇ ಬಂದರು, ಬೇಸರ. ಹಾಗೆಯೇ ‘ಎ ಲಿಟಲ್’ ಎಂದರೆ ಸ್ವಲ್ಪ ಹಾಲಿದೆ, ಕಾಫಿ ಮಾಡಬಹುದು. ‘ಲಿಟಲ್’ ಎಂದರೆ ಸ್ವಲ್ಪವೇ ಇದೆ, ನೆಂಟರಿಗೆ ಸಾಲದು. ಈ ಭೇದ ಎಂಟನೆಯ ತರಗತಿಯಿಂದ ಸ್ಪರ್ಧಾತ್ಮಕ ಪರೀಕ್ಷೆಗಳವರೆಗೆ ಜನರನ್ನು ಕಾಡುತ್ತದೆ. ಆದರೆ ಕನ್ನಡದ ‘ಏ’ಕಾರ ನಿತ್ಯ ಮಾಡುವ ಕೆಲಸವೇ ಇದು. ತೊಡಕಿರುವುದು ದಿಕ್ಕಿನಲ್ಲಿ ಮಾತ್ರ: ಇಂಗ್ಲಿಷ್ ಒಂದು ಅಕ್ಷರ ಸೇರಿಸಿ ಸಮಾಧಾನ ಹೇಳುತ್ತದೆ, ಕನ್ನಡ ಒಂದು ಅಕ್ಷರ ಸೇರಿಸಿ ಕೊರತೆ ಹೇಳುತ್ತದೆ. ‘ಕೆಲವರು’, ‘ಕೆಲವರೇ’ ಎಂದು ಎರಡು ಪದ ಕಪ್ಪುಹಲಗೆಯ ಮೇಲೆ ಬರೆದರೆ ಐದು ನಿಮಿಷದ ಪಾಠ. ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕೆಂದು ಡಿ. ಎನ್. ಶಂಕರ ಭಟ್ಟರು ವಾದಿಸಿದರು. ಅದರ ಇನ್ನೊಂದು ಉಪಯೋಗ ಇಲ್ಲಿದೆ: ನಮ್ಮ ಭಾಷೆ ಹೇಗೆ ಕೆಲಸ ಮಾಡುತ್ತದೆಂದು ತಿಳಿದಿದ್ದರೆ ಪರಭಾಷೆ ಕಲಿಸುವುದೂ ಸುಲಭ.

ಇದಕ್ಕೆ ವಿರುದ್ಧ ತುದಿಯಿಂದ ಒಂದು ವಾದ ಬರುತ್ತದೆ. ಇದೆಲ್ಲ ಏಕೆ ತಿದ್ದಬೇಕು? ಭಾರತೀಯ ಇಂಗ್ಲಿಷ್ ಒಂದು ಸ್ವತಂತ್ರ ಪ್ರಭೇದ. ಕಾಶ್ಮೀರದ ಭಾಷಾವಿಜ್ಞಾನಿ ಬ್ರಜ್ ಕಚ್ರು ಅದನ್ನು ದಶಕಗಳ ಹಿಂದೆಯೇ ಪ್ರತಿಪಾದಿಸಿದ್ದಾರೆ. ಇಂಗ್ಲಿಷ್ ತಾನೂ ನಿಂತ ನೀರಲ್ಲ. ಶೇಕ್ಸ್‌ಪಿಯರನ ಪೊಲೋನಿಯಸ್, ಪುಸ್ತಕ ಹಿಡಿದು ಬಂದ ಹ್ಯಾಮ್ಲೆಟ್‌ನನ್ನು ಏನು ಓದುತ್ತಿದ್ದೀರಿ ಎಂದು ಕೇಳುವುದು ‘ಇಂಗ್’ ಇಲ್ಲದೆಯೇ. ಮನೆ ಕಟ್ಟಲಾಗುತ್ತಿದೆ ಎಂಬುದಕ್ಕೆ ಹಿಂದೆ ‘ದಿ ಹೌಸ್ ಈಸ್ ಬಿಲ್ಡಿಂಗ್’ ಎನ್ನುತ್ತಿದ್ದರು. 18ನೇ ಶತಮಾನದ ಕೊನೆಗೆ ‘ಈಸ್ ಬೀಯಿಂಗ್ ಬಿಲ್ಟ್’ ಬಂದಾಗ ಅದು ವಿಕಾರವೆಂದು 19ನೇ ಶತಮಾನದ ಪಂಡಿತರು ಕೂಗಾಡಿದರು. ಇಂದು ಅದೇ ಸರಿ. ‘ಲೆಸ್’ ಮತ್ತು ‘ಫ್ಯೂಯರ್’ ನಡುವಿನ ಭೇದ 1770ರಲ್ಲಿ ರಾಬರ್ಟ್ ಬೇಕರ್ ಎಂಬಾತ ತನಗೆ ಹೀಗೆ ಚೆನ್ನಾಗಿ ತೋರುತ್ತದೆ ಎಂದು ಬರೆದ ಮಾತಿನಿಂದ ಬೆಳೆದು ನಿಯಮವಾಯಿತು. ಅದರ ಜಗಳ ತಾಳಲಾರದೆ ಬ್ರಿಟನ್ನಿನ ಟೆಸ್ಕೊ 2008ರಲ್ಲಿ ತನ್ನ ಅಂಗಡಿಗಳ ಫಲಕದ ಪದಗಳನ್ನೇ ಬದಲಿಸಿತು. ‘ಲವ್’ಗೆ ‘ಇಂಗ್’ ಹಚ್ಚಬಾರದು ಎನ್ನುವವರ ಎದುರಿಗೇ ಮೆಕ್‌ಡೊನಾಲ್ಡ್ಸ್ 2003ರಿಂದ ಅದನ್ನು ಹಚ್ಚಿ ಜಗತ್ತಿಗೆಲ್ಲ ಮಾರುತ್ತಿದೆ.

ಈ ಮಾಹಿತಿಯೆಲ್ಲ ನಿಜ. ಆದರೂ ಆ ವಾದದ ತೀರ್ಮಾನವನ್ನು ನಾನು ಒಪ್ಪುವುದಿಲ್ಲ. ‘ಐ ಆಮ್ ನೋಯಿಂಗ್’ ಚೆಂದ ಎನ್ನುವವರು ಸಾಮಾನ್ಯವಾಗಿ ‘ಐ ನೋ’ ಎನ್ನಬಲ್ಲವರು. ತಮ್ಮ ಅರ್ಜಿಯನ್ನು ಅವರು ‘ಐ ಆಮ್ ಹ್ಯಾವಿಂಗ್’ ಎಂದು ಶುರುಮಾಡುವುದಿಲ್ಲ. ಬೇಕೆಂದು ನಿಯಮ ಮುರಿಯುವುದಕ್ಕೂ ಮುರಿದದ್ದೇ ತಿಳಿಯದಿರುವುದಕ್ಕೂ ನಡುವೆ ಇರುವುದು ಆಯ್ಕೆ. ಆ ಆಯ್ಕೆಯನ್ನು ಕೊಡದೆ ಬರಿಯ ಹೆಮ್ಮೆಯನ್ನು ಕೊಟ್ಟರೆ ಅದು ಬಡವರಿಗೆ ಹೇಳಿದ ಉಪಚಾರದ ಮಾತಾಗುತ್ತದೆ. ಆದ್ದರಿಂದ ಕಲಿಸಬೇಕು, ಚೆನ್ನಾಗಿ ಕಲಿಸಬೇಕು. ಅವಮಾನ ಮಾಡದೆ, ಕನ್ನಡವನ್ನು ಕಳಂಕವೆನ್ನದೆ ಕಲಿಸಬೇಕು.

ಇದನ್ನು ಹೊರನಾಡಿನ ನಾವು ಬೇರೆಯವರಿಗಿಂತ ಬೇಗ ಅರ್ಥಮಾಡಿಕೊಳ್ಳಬಹುದು. ಏಕೆಂದರೆ ಇದರ ಕನ್ನಡಿಬಿಂಬ ನಮ್ಮ ಮನೆಗಳಲ್ಲಿದೆ. ನಮ್ಮ ಮಕ್ಕಳು ‘ಎರಡು ಮಾಮ ಬಂದಿದ್ದಾರೆ’ ಎನ್ನುತ್ತವೆ, ‘ಮೂರು ಫ್ರೆಂಡ್ಸ್ ಇದ್ದಾರೆ’ ಎನ್ನುತ್ತವೆ. ಇಬ್ಬರು, ಮೂವರು, ನಾಲ್ವರು ನಿಧಾನವಾಗಿ ಮನೆಬಿಟ್ಟು ಹೋಗುತ್ತಿದ್ದಾರೆ. ಆಗ ಊರಿನಿಂದ ಬಂದ ಅಜ್ಜಿ ಏನು ಮಾಡುತ್ತಾರೆ? ನಗುತ್ತಾರೆ, ಆದರೆ ಮಡಿಲಿಗೆಳೆದುಕೊಂಡು ‘ಇಬ್ಬರು ಅನ್ಬೇಕು ಕಂದ’ ಎನ್ನುತ್ತಾರೆ. ಮಗುವಿನ ಬುದ್ಧಿವಂತಿಕೆಯ ಬಗ್ಗೆ ಅವರಿಗೆ ಒಂದು ಕ್ಷಣವೂ ಅನುಮಾನ ಬರುವುದಿಲ್ಲ.

ಅಜ್ಜಿಯ ಜೊತೆಗೆ ನಾವೂ ಒಂದು ಕೆಲಸ ಮಾಡಬಹುದು. ಪುಣೆ, ಮುಂಬೈಗಳ ಮಗುವಿಗೆ ಮರಾಠಿಯ ದೋಘೇ, ತಿಘೇ, ಚೌಘೇ ಗೊತ್ತು. ನಮ್ಮ ಇಬ್ಬರು, ಮೂವರು, ನಾಲ್ವರು ಅದೇ ಎಂದರೆ ಸಾಕು. ಹೈದರಾಬಾದಿನ ಮಗುವಿಗೆ ತೆಲುಗಿನ ಇದ್ದರು, ಮುಗ್ಗುರು, ನಲುಗುರು ಇದ್ದಾರೆ. ಚೆನ್ನೈಯ ಮಗುವಿಗೆ ತಮಿಳಿನ ‘ರೆಂಡು ಪೇರ್’ ಇದೆ, ಮನುಷ್ಯರನ್ನು ಎಣಿಸುವಾಗ ‘ಪೇರ್’ ಸೇರಿಸುವ ಅಭ್ಯಾಸವಿದೆ. ದೆಹಲಿಯ ಮಗುವಿಗೆ ಮಾತ್ರ ಹಿಂದಿಯ ‘ದೋ’ ಎರಡಕ್ಕೂ ಇಬ್ಬರಿಗೂ ಒಂದೇ. ಅದಕ್ಕೆ ಸ್ವಲ್ಪ ಹೆಚ್ಚು ಸಮಯ ಬೇಕು. ಗೊತ್ತಿರುವ ಭಾಷೆಯನ್ನು ಏಣಿ ಮಾಡಿಕೊಂಡು ಗೊತ್ತಿಲ್ಲದ್ದನ್ನು ತಲುಪುವ ವಿಧಾನ ಇದು. ಮನೆಯ ಕನ್ನಡಕ್ಕೆ ಮರಾಠಿ ಏಣಿಯಾಗಬಹುದಾದರೆ, ಶಾಲೆಯ ಇಂಗ್ಲಿಷಿಗೆ ಕನ್ನಡ ಏಣಿಯಾಗಬಾರದೇಕೆ?

ಈ ಪತ್ರ ಓದುವವರಲ್ಲಿ ಹಲವರು ಇಂದು ಮೇಜಿನ ಆಚೆ ಕೂರುವವರು – ಸಂದರ್ಶನ ನಡೆಸುವವರು, ಅರ್ಜಿ ಜರಡಿ ಹಿಡಿಯುವವರು, ಹೊಸಬರ ಇ-ಮೇಲ್ ತಿದ್ದುವವರು. ನಿಮ್ಮಲ್ಲಿ ನನ್ನದೊಂದು ವಿನಂತಿ. ಮುಂದಿನ ಸಲ ‘ಐ ಆಮ್ ಹ್ಯಾವಿಂಗ್ ಫೋರ್ ಇಯರ್ಸ್ ಎಕ್ಸ್‌ಪೀರಿಯೆನ್ಸ್’ ಎಂಬ ಮಾತು ಕಿವಿಗೆ ಬಿದ್ದಾಗ ಆ ನಾಲ್ಕು ವರ್ಷಗಳಲ್ಲಿ ಏನು ಮಾಡಿದಿರಿ ಎಂದು ಕೇಳಿ. ಉತ್ತರ ಸರಿಯಿದ್ದರೆ ಕೆಲಸ ಕೊಡಿ. ‘ಇಂಗ್’ ಯಾವಾಗ ಬೇಡ ಎಂಬುದನ್ನು ಮೊದಲ ವಾರದಲ್ಲಿ, ಕಾಫಿ ಕುಡಿಯುವಾಗ, ಕನ್ನಡದಲ್ಲೇ ಹೇಳಿಕೊಡಬಹುದು. ಅದಕ್ಕೆ ಸ್ವಲ್ಪ ಸಮಯ ಸಾಕು. ಸ್ವಲ್ಪವೇ.