ಡಾಮರು ಮುಗಿದಲ್ಲಿಂದ ಮುಂದೆ

ಒಂದು ಊರು ಮುಂದುವರಿದಿದೆಯೇ ಎಂದು ತಿಳಿಯಲು ನಾವು ಮೊದಲು ನೋಡುವುದು ರಸ್ತೆ, ದೀಪ, ಹೋಟೆಲುಗಳನ್ನು. ಜನ ವಾಸಿಸುವ ಊರಿಗೆ ಈ ಅಳತೆ ಸರಿಯೇ. ಆದರೆ ಕಾಡಿಗೂ ಕಡಲತೀರಕ್ಕೂ ಇದೇ ಅಳತೆಗೋಲನ್ನು ಹಿಡಿಯಬಹುದೇ? ಹಿಡಿಯಬಾರದೆಂಬುದು ನನ್ನ ಅಭಿಪ್ರಾಯ. ಇದಕ್ಕೆ ದೂರದ ದ್ವೀಪವೊಂದರ ಉದಾಹರಣೆಯನ್ನು ನೋಡೋಣ.

ಶಾಂತ ಸಾಗರದ ನಡುವಿನ ಹವಾಯಿ ದ್ವೀಪಸಮೂಹವು 1959ರಿಂದ ಅಮೆರಿಕ ಸಂಯುಕ್ತ ಸಂಸ್ಥಾನದ ಐವತ್ತನೆಯ ರಾಜ್ಯವಾಗಿದೆ. ಅದರಲ್ಲಿ ಕವಾಯಿ ಎಂಬುದೊಂದು ದ್ವೀಪ. ಸುಮಾರು 50 ಲಕ್ಷ ವರ್ಷಗಳ ಹಿಂದೆ ಅಗ್ನಿಪರ್ವತದಿಂದ ಹುಟ್ಟಿದ ನೆಲವದು. ದ್ವೀಪದ ನಡುವಿನ ವಾಯಿಯಾಲೆಯಾಲೆ ಶಿಖರದಲ್ಲಿ ವರ್ಷಕ್ಕೆ ಸರಾಸರಿ 9,000 ಮಿಲ್ಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಈಶಾನ್ಯದಿಂದ ಬೀಸುವ ವಾಣಿಜ್ಯ ಮಾರುತಗಳು ತಮ್ಮ ನೀರನ್ನೆಲ್ಲ ಅಲ್ಲಿಯೇ ಸುರಿದುಬಿಡುವುದರಿಂದ ಪಶ್ಚಿಮದ ಕರಾವಳಿ ಒಣಗಿರುತ್ತದೆ. ನಮ್ಮ ಭೂಗೋಳದ ಪಾಠದಲ್ಲಿ ಬರುವ ಮಳೆನೆರಳಿಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗಲಾರದು. ಆ ಒಣ ಕರಾವಳಿಯ ತುತ್ತತುದಿಯಲ್ಲಿರುವುದೇ ಪೊಲಿಹಾಲೆ ಕಡಲತೀರ ಉದ್ಯಾನ.

ಉದ್ಯಾನವೆಂದೊಡನೆ ಹೂಗಿಡ, ಕಾರಂಜಿಗಳನ್ನು ಕಲ್ಪಿಸಿಕೊಳ್ಳಬೇಡಿ. ಹೆದ್ದಾರಿ ಮುಗಿದ ಮೇಲೆ ಹಳೆಯ ಕಬ್ಬಿನ ಗದ್ದೆಗಳ ನಡುವೆ ಸುಮಾರು ಎಂಟು ಕಿಲೋಮೀಟರು ಮಣ್ಣಿನ ದಾರಿ. ಬೇಸಗೆಯಲ್ಲಿ ಧೂಳು, ಮಳೆ ಬಂದರೆ ಕೆಸರು. ಬಾಡಿಗೆಗೆ ಕಾರು ಕೊಡುವವರಲ್ಲಿ ಹಲವರು ಈ ದಾರಿಯಲ್ಲಿ ತಮ್ಮ ಕಾರನ್ನು ಒಯ್ಯಕೂಡದೆಂದು ಷರತ್ತು ಹಾಕುತ್ತಾರೆ. ತಲುಪಿದ ಮೇಲೆ ಅಂಗಡಿಯಿಲ್ಲ, ಹೋಟೆಲಿಲ್ಲ, ಮುಳುಗುವವರನ್ನು ಎತ್ತಲು ಜೀವರಕ್ಷಕರೂ ಇಲ್ಲ. ಕಡಲಿನ ಸೆಳೆತವೋ ಬಲು ಜೋರು. ಅಗಲವಾದ ಮರಳು, ಎತ್ತರದ ಮರಳದಿಬ್ಬಗಳು, ಉತ್ತರಕ್ಕೆ ಗೋಡೆಯಂತೆ ನಿಂತ ನಾಪಾಲಿ ಬೆಟ್ಟಗಳು, ಪಶ್ಚಿಮಕ್ಕೆ ಕಡಲಿನಾಚೆ ನೀಹಾವು ದ್ವೀಪ, ಇಷ್ಟೇ ಅಲ್ಲಿನ ವೈಭವ. ಸತ್ತವರ ಆತ್ಮಗಳು ಇಲ್ಲಿಂದಲೇ ಪರಲೋಕಕ್ಕೆ ಹೊರಡುತ್ತವೆ ಎಂಬುದು ಹವಾಯಿಯ ಮೂಲ ಜನರ ನಂಬಿಕೆ. ಆದ್ದರಿಂದ ಅವರಿಗೆ ಅದು ವಿಹಾರಸ್ಥಳ ಮಾತ್ರವಲ್ಲ, ಪುಣ್ಯಭೂಮಿಯೂ ಹೌದು.

"ಇಷ್ಟು ಚೆಲುವಾದ ಜಾಗಕ್ಕೆ ಡಾಮರು ಹಾಕಿದರೇನು? ಮುದುಕರೂ ಅಂಗವಿಕಲರೂ ನೋಡಬಾರದೇ?" ಎಂದು ಕೇಳುವವರಿದ್ದಾರೆ. ಇದು ತಳ್ಳಿಹಾಕುವ ಮಾತಲ್ಲ. ಆದರೆ ಅದೇ ದ್ವೀಪದ ದಕ್ಷಿಣದಲ್ಲಿ ಪೊಯಿಪು ಎಂಬ ತೀರವಿದೆ. ಅಲ್ಲಿ ಒಳ್ಳೆಯ ರಸ್ತೆ, ಹೋಟೆಲು, ಜೀವರಕ್ಷಕರು ಎಲ್ಲವೂ ಇವೆ. ಎಲ್ಲರಿಗೂ ಸುಲಭವಾದ ತೀರಗಳು ಬೇಕು, ನಿಜ. ಹಾಗೆಂದು ಎಲ್ಲ ತೀರಗಳೂ ಒಂದೇ ಅಚ್ಚಿನಲ್ಲಿರಬೇಕೆಂದರೆ ನೋಡಲು ಉಳಿಯುವುದೇನು?

ದಾರಿ ಒರಟಾಗಿರಬೇಕೆಂದರೆ ದಾರಿಯೇ ಬೇಡವೆಂದು ಅರ್ಥವಲ್ಲ. 2008ರ ಡಿಸೆಂಬರಿನ ನೆರೆಯಲ್ಲಿ ಪೊಲಿಹಾಲೆಯ ದಾರಿ ಕೊಚ್ಚಿಹೋಯಿತು. ದುರಸ್ತಿಗೆ ಸುಮಾರು 40 ಲಕ್ಷ ಡಾಲರು ಬೇಕೆಂದು ಸರಕಾರದ ಅಂದಾಜು; ಬೊಕ್ಕಸದಲ್ಲಿ ಹಣವಿಲ್ಲ. ಆಗ ಊರವರೇ ಮುಂದೆ ಬಂದರು. ವ್ಯಾಪಾರಿಗಳು ಯಂತ್ರ, ಸಾಮಗ್ರಿಗಳನ್ನು ಕೊಟ್ಟರು. ಉಳಿದವರು ಮೈಮುರಿದು ದುಡಿದರು. 2009ರಲ್ಲಿ ಎಂಟೇ ದಿನಗಳಲ್ಲಿ ದಾರಿ ಸಿದ್ಧವಾಯಿತು. ತಮ್ಮದೆಂಬ ಅಭಿಮಾನವಿದ್ದರೆ ಹತ್ತು ಕೈಗಳು ಕೂಡಿ ಏನು ಮಾಡಬಲ್ಲವು ಎಂಬುದಕ್ಕೆ ಇದು ಸಾಕ್ಷಿ.

ಆದರೆ ಇನ್ನೊಂದು ಮುಖವನ್ನೂ ಮರೆಮಾಚಬಾರದು. 2020ರಲ್ಲಿ ಅಲ್ಲಿ ಮಿತಿಮೀರಿ ಜನ ಸೇರಿದರು. ಅನುಮತಿಯಿಲ್ಲದೆ ಗುಡಾರ ಹಾಕಿದರು, ಮರಳದಿಬ್ಬಗಳ ಮೇಲೆ ವಾಹನ ಓಡಿಸಿದರು. ಆ ದಿಬ್ಬಗಳಲ್ಲಿ ಕಡಲ ಹಕ್ಕಿಗಳು ಬಿಲ ತೋಡಿ ಮೊಟ್ಟೆಯಿಡುತ್ತವೆ; ಮೂಲ ಜನರ ಪೂರ್ವಿಕರ ಸಮಾಧಿಗಳೂ ಅಲ್ಲಿವೆ. ಕೊನೆಗೆ ಉದ್ಯಾನವನ್ನೇ ಕೆಲಕಾಲ ಮುಚ್ಚಬೇಕಾಯಿತು. ಕೆಟ್ಟ ದಾರಿ ಜನರನ್ನು ಸ್ವಲ್ಪ ತಡೆದೀತು, ಕೆಟ್ಟ ನಡತೆಯನ್ನು ತಡೆಯಲಾರದು. ದಾರಿ ಕಟ್ಟಿಕೊಟ್ಟ ಕೈಗಳ ಶ್ರಮವನ್ನು ಕೆಲವೇ ಚಕ್ರಗಳು ಹಾಳುಮಾಡಬಲ್ಲವು.

ನಮಗೂ ಇದರಲ್ಲಿ ಪಾಠವಿದೆ. ನಮ್ಮ ಕಾಸರಗೋಡಿನ ಕಡಲ ಬದಿಯಲ್ಲಿ ಆಡಿನ ಗೊರಸಿನಂತಹ ಎಲೆಯ, ನೇರಳೆ ಬಣ್ಣದ ಹೂವಿನ ಅಡುಂಬು ಬಳ್ಳಿಯನ್ನು ನೀವೆಲ್ಲ ಕಂಡಿದ್ದೀರಿ. ಇದೇ ಜಾತಿಯ ಬಳ್ಳಿ ಹವಾಯಿಯ ತೀರಗಳಲ್ಲಿಯೂ ಹಬ್ಬಿದೆ. ಅಲ್ಲಿಯೂ ಇಲ್ಲಿಯೂ ಅದು ಮಾಡುವ ಕೆಲಸ ಒಂದೇ: ಗಾಳಿಗೆ ಹಾರುವ ಮರಳನ್ನು ಬೇರಿನಿಂದ ಹಿಡಿದಿಡುವುದು. ಚಕ್ರ ಹರಿದು ಬಳ್ಳಿ ಸತ್ತರೆ ಮರಳು ಸಡಿಲವಾಗುತ್ತದೆ, ಕಡಲು ಇನ್ನಷ್ಟು ಒಳಗೆ ಬರುತ್ತದೆ. ಕಡಲಿನ ಕೊರೆತ ಏನೆಂಬುದನ್ನು ನಮ್ಮ ತೀರದ ಮನೆಗಳವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ವಿದ್ಯಾರ್ಥಿಗಳೇ, ಸೌಕರ್ಯವಿಲ್ಲದ ಜಾಗಕ್ಕೆ ಹೋಗುವಾಗ ಬುತ್ತಿಯನ್ನೂ ನೀರನ್ನೂ ನಾವೇ ಒಯ್ಯಬೇಕು. ಉಳಿದ ಕಸವನ್ನು ನಾವೇ ಹೊತ್ತು ತರಬೇಕು. ಕಡಲು ಕೆರಳಿದ ದಿನ ನೀರಿಗಿಳಿಯದೆ ದಡದಲ್ಲಿ ನಿಂತು ನೋಡಿ ಹಿಂದಿರುಗುವ ವಿವೇಕವಿರಬೇಕು. ಹೆತ್ತವರು ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುವಾಗ ವರ್ಷಕ್ಕೊಮ್ಮೆಯಾದರೂ ಇಂತಹ ಜಾಗವನ್ನು ಆರಿಸಿಕೊಳ್ಳಲಿ. ಕೊಂಡುಕೊಳ್ಳಲು ಏನೂ ಇಲ್ಲದ ಕಡೆ ನೋಡುವ ಕಣ್ಣು ತಾನಾಗಿ ತೆರೆಯುತ್ತದೆ. ಅಂತಹ ತೀರಗಳು ನಮ್ಮಲ್ಲಿ ಇನ್ನೂ ಉಳಿದಿವೆ. ಅವುಗಳನ್ನು ಉಳಿಸುವ ಹೊಣೆ ಸರಕಾರದ್ದಷ್ಟೇ ಅಲ್ಲ, ಅಲ್ಲಿ ಕಾಲಿಡುವ ಪ್ರತಿಯೊಬ್ಬನದೂ ಆಗಿದೆ.