ಹಿತ್ತಿಲ ಹೊಗೆಸೊಪ್ಪು

ಕಳೆದ ಸಂಚಿಕೆಯಲ್ಲಿ ಹಿತ್ತಿಲ ಅವರೆಚಪ್ಪರದ ವಿಷಯ ಬರೆದುದನ್ನು ಓದಿ ಹೊಸೂರಿನ ಕಡೆಯ ಹಿರಿಯ ವಾಚಕರೊಬ್ಬರು ಕಾಗದ ಹಾಕಿದ್ದಾರೆ: “ಅವರೆ ನೆನಪಾದ ಮೇಷ್ಟ್ರಿಗೆ ಅದರ ಪಕ್ಕದ ಹೊಗೆಸೊಪ್ಪು ನೆನಪಾಗಲಿಲ್ಲವೇ?” ನೆನಪಾಗದೆ ಏನು! ಮುಖ್ಯೋಪಾಧ್ಯಾಯನಾದವನು ಅದನ್ನು ಬರೆಯುವುದು ತರವೇ ಎಂಬ ಸಂಕೋಚದಿಂದ ಬಿಟ್ಟಿದ್ದೆ. ಈಗ ಬರೆಯದೆ ಇರಲಾಗದ ಒಂದು ಕಾರಣ ಒದಗಿದೆ.

ಚುಟ್ಟವೆನ್ನಿ, ಸುರುಟ್ಟೆನ್ನಿ, ವಸ್ತು ಒಂದೇ. ತಮಿಳಿನ ಶುರುಟ್ಟು ಎಂಬುದೇ ಇಂಗ್ಲಿಷರ ಬಾಯಲ್ಲಿ ಚಿರೂಟ್ ಆಯಿತು. ನಮ್ಮ ಸುರುಳಿಯೂ ಅದೇ ಬಳಗದ್ದು. ಗಿಡವಾದರೋ ಪೋರ್ಚುಗೀಸರ ಜೊತೆ ಕಡಲು ದಾಟಿ ಬಂದುದು. ಅಕ್ಬರನಿಗೆ ಅದರ ರುಚಿ ತೋರಿಸಿದ ಅಸದ್ ಬೇಗ್ ಅದನ್ನು ಕಂಡು ಕೊಂಡೊಯ್ದದ್ದು ನಮ್ಮ ವಿಜಾಪುರದಿಂದಲೇ. ಜಹಾಂಗೀರ್ 1617ರಲ್ಲಿ ನಿಷೇಧವನ್ನೂ ಹೊರಡಿಸಿದ, ಕೇಳಿದವರಾರು?

ನಮ್ಮ ತಾತನವರು ಮಾರಾಟಕ್ಕೆ ಬೆಳೆದವರಲ್ಲ. ಬಚ್ಚಲ ನೀರು ಹರಿಯುವ ಕಡೆ ಇಪ್ಪತ್ತು ಮೂವತ್ತು ಗಿಡ, ವರ್ಷದ ಚುಟ್ಟಕ್ಕೆ ಸಾಕಾಗುವಷ್ಟು. ಬೀಜ ಬಲು ಸಣ್ಣದು, ಒಂದು ಗ್ರಾಂ ತೂಕಕ್ಕೆ ಹತ್ತು ಸಾವಿರ ಬೀಜ ಹಿಡಿಯುತ್ತದೆ. ಆದ್ದರಿಂದ ಬೂದಿಯಲ್ಲಿ ಬೆರೆಸಿ ಮಡಿಯ ಮೇಲೆ ಎರಚುತ್ತಿದ್ದರು. ಸುಮಾರು ಒಂದೂವರೆ ತಿಂಗಳಿಗೆ ಸಸಿಯನ್ನು ಕಿತ್ತು ನಡುವುದು. ಮೊಗ್ಗು ಕಾಣಿಸಿಕೊಂಡೊಡನೆ ತುದಿಯನ್ನು ಚಿವುಟಿ, ಕಂಕುಳಲ್ಲಿ ಒಡೆಯುವ ಚಿಗುರನ್ನೂ ಮುರಿದುಹಾಕುವರು. ಹೂವಿಗೆ ಹೋಗಬೇಕಾದ ಸಾರ ಎಲೆಗೆ ಇಳಿದು ಎಲೆ ದಪ್ಪವಾಗುತ್ತದೆ. ನಿಕೋಟಿನ್ ಹುಟ್ಟುವುದು ಬೇರಿನಲ್ಲಿ. ಕುಡಿ ಚಿವುಟಿದ ಮೇಲೆ ಅದು ಎಲೆಯಲ್ಲಿ ಇನ್ನೂ ಹೆಚ್ಚಾಗಿ ಸೇರುತ್ತದೆ. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು.

ಹದಗೊಳಿಸುವುದೇ ನಿಜವಾದ ವಿದ್ಯೆ. ಎಲೆಯನ್ನು ನೆರಳಿನಲ್ಲಿ ಬಾಡಿಸಿ, ಜೋಡಿ ಜೋಡಿಯಾಗಿ ಹುರಿಗೆ ಕಟ್ಟಿ ಕೊಟ್ಟಿಗೆಯ ಸೂರಿನಡಿ ತೂಗುಹಾಕುವರು. ಹಸಿರು ಮೊದಲು ಹಳದಿಯಾಗಬೇಕು, ಆಮೇಲೆ ಕಂದು. ಅವಸರಪಟ್ಟು ಬಿಸಿಲಿಗೆ ಒಡ್ಡಿದರೆ ಹಸಿರು ಹಾಗೆಯೇ ಉಳಿದು ಗಂಟಲು ಕೆರೆಯುತ್ತದೆ. ಐದಾರು ವಾರಕ್ಕೆ ನಡುದಂಟು ಮುರಿದರೆ ಪಟ್ಟೆನ್ನುತ್ತದೆ. ಆಗ ಮಂಜು ಬಿದ್ದ ಬೆಳಗಿನ ಜಾವ ಇಳಿಸಬೇಕು. ಒಣ ಹೊತ್ತಿನಲ್ಲಿ ಮುಟ್ಟಿದರೆ ಪುಡಿಪುಡಿ. ಬಟ್ಟೆಯಂತೆ ಮೆತ್ತಗಾದ ಎಲೆಯನ್ನು ಗೋಣಿಯೊಳಗೆ ಒಟ್ಟಿ, ಮೇಲೊಂದು ಕಲ್ಲು ಹೇರುವರು. ರಾಶಿ ತಾನಾಗಿಯೇ ಕಾವೇರುತ್ತದೆ. ತಾತನವರು ಅದರೊಳಗೆ ಕೈ ತೂರಿಸಿ ನೋಡಿ, ಕೈ ತಾಳದಷ್ಟಾದರೆ ಬಿಚ್ಚಿ, ಅಡಿಯದನ್ನು ಮೇಲೆ ಮಾಡಿ ಮತ್ತೆ ಒಟ್ಟುತ್ತಿದ್ದರು. ಮನೆಯೆಲ್ಲ ಗಂಜಲದ ವಾಸನೆ. ಅಜ್ಜಿಯ ಗೊಣಗಾಟ ಬೇರೆ. ಆ ವಾಸನೆ ಅಡಗಿದ ಮೇಲೆಯೇ ದಂಟು ಬಿಡಿಸಿ, ಒಳ್ಳೆಯ ಎಲೆಯೊಂದನ್ನು ಹೊರಗೆ ಸುತ್ತಿ, ಗಂಜಿ ಹಚ್ಚಿ ಅಂಟಿಸುವುದು. ದಿಂಡಿಗಲ್ ಸಮೀಪದ ವೇದಸಂದೂರಿನಲ್ಲಿ ಸಿಗಾರು ಚುಟ್ಟಗಳ ಹೊಗೆಸೊಪ್ಪಿಗೆಂದೇ 1948ರಲ್ಲಿ ಸಂಶೋಧನಾ ಕೇಂದ್ರ ಸ್ಥಾಪನೆಯಾಗಿತ್ತು. ತಾತನವರಿಗೆ ಅದರ ಹೆಸರೂ ತಿಳಿಯದು.

ಎಲೆ ಮುರಿಯುವ ಕೆಲಸ ಮಾತ್ರ ಮಕ್ಕಳದು. 1979ರ ಮಾಘದಲ್ಲಿ ಮಂಜಿಗೆ ತೊಯ್ದ ಎಲೆಗಳನ್ನು ಎದೆಗವಚಿಕೊಂಡು ಹೊತ್ತೆ. ಅಂಗಿ ನೆನೆಯಿತು, ಬೆರಳಿಗೆಲ್ಲ ಕಪ್ಪು ಅಂಟು. ಮಧ್ಯಾಹ್ನದ ಹೊತ್ತಿಗೆ ತಲೆಸುತ್ತು, ವಾಂತಿ, ಮೈಯೆಲ್ಲ ಬೆವರು. ಅಜ್ಜಿ ಉಪ್ಪು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದರು. ತಾತನವರು, “ಸೊಪ್ಪಿನ ಪಿತ್ತ ಕಣೋ, ಎರಡು ದಿನಕ್ಕೆ ಒಗ್ಗುತ್ತೆ” ಎಂದರು. ದೃಷ್ಟಿಯೂ ಅಲ್ಲ, ಪಿತ್ತವೂ ಅಲ್ಲವೆಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಎಲೆಯ ನಿಕೋಟಿನ್ ಮಂಜಿನ ನೀರಿನಲ್ಲಿ ಕರಗಿ ಚರ್ಮದ ಮೂಲಕ ರಕ್ತಕ್ಕಿಳಿಯುತ್ತದೆ. ಅಮೆರಿಕದ ಫ್ಲಾರಿಡಾದ ವೈದ್ಯರು ಈ ಕಾಯಿಲೆಯನ್ನು 1970ರಲ್ಲೇ ವರದಿ ಮಾಡಿದ್ದರು. ಮಗುವಿನ ಮೈ ಚಿಕ್ಕದು; ಅದೇ ಅಳತೆಯ ವಿಷ ಅದಕ್ಕೆ ಹೆಚ್ಚು ತಾಗುತ್ತದೆ.

ಅಂಗಡಿಯದು ಕೆಟ್ಟದ್ದು, ಮನೆಯಲ್ಲಿ ಹದ ಮಾಡಿದ್ದು ಶುದ್ಧವೆಂಬ ಮಾತನ್ನು ಈಗಲೂ ಕೇಳುತ್ತೇನೆ. ಕ್ಯಾನ್ಸರ್ ತರುವ ನೈಟ್ರೋಸಮೈನುಗಳು ಹುಟ್ಟುವುದು ಈ ಹದದ ಕಾಲದಲ್ಲೇ. ತಾತನವರು ತೀರಿಕೊಂಡದ್ದು ನಾಲಿಗೆಯ ಬದಿಯ ಹುಣ್ಣಿನಿಂದ.

ಕಳೆದ ವಾರ ನಮ್ಮ ನಾಲ್ಕನೆಯ ತರಗತಿಯ ಹುಡುಗಿಯೊಬ್ಬಳು ಪ್ರಾರ್ಥನೆಯ ವೇಳೆ ಕುಸಿದಳು. ಬೆರಳು ನೋಡಿದೆ: ಅದೇ ಕಪ್ಪು ಅಂಟು. ಸೋಪು ಹಚ್ಚಿ ಕೈ ತೊಳೆಸಿ, ಒದ್ದೆ ಬಟ್ಟೆ ಬದಲಾಯಿಸಿ, ಆಸ್ಪತ್ರೆಗೆ ಕಳುಹಿಸಿದೆವು. ಸಂಜೆ ಅವರ ಮನೆಗೆ ಹೋದೆ. ತಂದೆ ನನ್ನ ಹಳೆಯ ಶಿಷ್ಯ. “ಇಬ್ಬನಿ ಆರುವ ತನಕ ದೊಡ್ಡವರೂ ಮುಟ್ಟಬಾರದಪ್ಪ, ಮುಟ್ಟಿದರೂ ತುಂಬುತೋಳಿನ ಅಂಗಿ ಬೇಕು. ಮಕ್ಕಳನ್ನಂತೂ ಕಳಿಸಲೇಬೇಡ” ಎಂದೆ. ತಲೆ ತಗ್ಗಿಸಿ ಕೇಳಿಕೊಂಡ. ಆಮೇಲೆ ಮೆಲ್ಲಗೆ, “ಆಳಿಗೆ ಕೂಲಿ ಎಲ್ಲಿಂದ ತರಲಿ ಸಾರ್? ನೀವೂ ಮುರಿದೋರೇ ಅಲ್ವಾ?” ಎಂದ. ನನಗೆ ಉತ್ತರ ಹೊಳೆಯಲಿಲ್ಲ.

ಎರಡು ದಿನ ಬಿಟ್ಟು ಹುಡುಗಿ ಶಾಲೆಗೆ ಬಂದಳು. ಅಂದಿನಿಂದ ಏಳನೆಯ ತರಗತಿಯಲ್ಲಿರುವ ಅವಳ ಅಣ್ಣ ಬರುತ್ತಿಲ್ಲ. ನಾಳೆ ಬೆಳಗ್ಗೆ, ಮಂಜು ಆರುವ ಮುನ್ನವೇ, ಅವರ ಹೊಲದ ಕಡೆ ಹೊರಡಬೇಕೆಂದಿದ್ದೇನೆ.