ತೊಗರಿಯ ಬೇರಿನ ಗಂಟುಗಳೂ ಜಮೀನುದಾರರ ಹೊಣೆಯೂ

ಭೂಮಿಯೊಳಗೆ ಕಣ್ಣಿಗೆ ಕಾಣದ ಅಣುಜೀವಿಗಳು ವಾಸಿಸುತ್ತವೆಂಬುದೂ, ಅವುಗಳಲ್ಲಿ ಕೆಲವು ಪೈರಿಗೆ ಹಿತಕಾರಿಗಳೆಂಬುದೂ ಗ್ರಾಮದ ಹಿರಿಯರಿಗೆ ಈಗ ಹೊಸ ಸಂಗತಿಯಲ್ಲ. ಸೇಡಂ, ಚಿತ್ತಾಪುರ, ಶಹಾಬಾದ, ಚಿಂಚೋಳಿ ತಾಲ್ಲೂಕುಗಳಲ್ಲಿಯೂ ವಾಡಿಯ ಸುತ್ತಲಿನ ಗ್ರಾಮಗಳಲ್ಲಿಯೂ ಮುಂಗಾರಿಗೆ ಮುನ್ನ ಜೀವಾಣು ಗೊಬ್ಬರದ ಪೊಟ್ಟಣಗಳು ಅಂಗಡಿಗೆ ಬರುತ್ತವೆ; ರೈತರು ಕೊಂಡೊಯ್ಯುತ್ತಾರೆ; ಕೆಲವರು ಫಲ ಕಂಡೆವೆನ್ನುತ್ತಾರೆ, ಹಲವರು ಹಣ ಮಣ್ಣುಪಾಲಾಯಿತೆನ್ನುತ್ತಾರೆ. ಇವರಿಬ್ಬರ ಮಾತೂ ಸುಳ್ಳಲ್ಲ. ಜೀವಾಣುವೆಂಬುದು ಯೂರಿಯಾದಂತೆ ಎಲ್ಲಿ ಚೆಲ್ಲಿದರೂ ಒಂದೇ ಬಗೆಯಾಗಿ ಕೆಲಸಮಾಡುವ ಲವಣವಲ್ಲ. ಅದು ಪ್ರಾಣವುಳ್ಳ ವಸ್ತು. ಅದಕ್ಕೆ ತನ್ನದೇ ಆದ ಪೈರು, ತನ್ನದೇ ಆದ ನೆಲ, ತನ್ನದೇ ಆದ ಹದ ಬೇಕು.

ಈ ಭೇದವನ್ನು ತಿಳಿಯಲು ಮೊದಲು ಭತ್ತದ ಗದ್ದೆಯನ್ನು ನೋಡಬಹುದು. ನಿಂತ ನೀರಿನ ಮೇಲೆ ಹಸಿರುನೀಲಿ ಬಣ್ಣದ ಪಾಚಿಯು ಹಬ್ಬುತ್ತದೆ. ಅದು ವಾಯುವಿನಲ್ಲಿರುವ ಸಾರಜನಕವನ್ನು ಹಿಡಿದು ಗದ್ದೆಗೆ ಕೊಡುತ್ತದೆಂದು ಪಿ. ಕೆ. ಡೇ ಎಂಬ ವಿಜ್ಞಾನಿಗಳು 1939ರಲ್ಲಿ ಭಾರತದ ಭತ್ತದ ಗದ್ದೆಗಳ ಮಣ್ಣನ್ನು ಪರೀಕ್ಷಿಸಿ ತೋರಿಸಿದರು. ಅಜೋಸ್ಪಿರಿಲಂ ಎಂಬ ಇನ್ನೊಂದು ಜೀವಾಣುವು ಭತ್ತ, ಜೋಳ ಮೊದಲಾದ ಹುಲ್ಲಿನ ಜಾತಿಯ ಪೈರುಗಳ ಬೇರಿನ ಸುತ್ತ ನೆಲೆಸುತ್ತದೆ. 1970ರ ದಶಕದಲ್ಲಿ ಬ್ರೆಜಿಲ್ ದೇಶದ ಯೊಹಾನ್ನಾ ಡೊಬೆರೈನರ್ ಎಂಬ ವಿದುಷಿಯ ಶೋಧನೆಗಳಿಂದ ಇದರ ಖ್ಯಾತಿ ಹಬ್ಬಿತು. ಇದು ಸ್ವಲ್ಪ ಸಾರಜನಕವನ್ನು ಒದಗಿಸುವುದಲ್ಲದೆ ಬೇರುಗಳು ಹೆಚ್ಚು ಕವಲೊಡೆಯುವಂತೆ ಮಾಡುವ ದ್ರವ್ಯವನ್ನೂ ಸ್ರವಿಸುತ್ತದೆ. ಚಿಂಚೋಳಿಯ ಕಡೆ ಕೆರೆಯ ಅಥವಾ ಜಲಾಶಯದ ಆಶ್ರಯದಲ್ಲಿ ಭತ್ತವನ್ನು ನಾಟಿಮಾಡುವವರು, ಸಸಿಯ ಬೇರುಗಳನ್ನು ಈ ಜೀವಾಣು ಬೆರೆಸಿದ ನೀರಿನಲ್ಲಿ ಕಾಲುಗಂಟೆಯಿಂದ ಅರ್ಧಗಂಟೆಯವರೆಗೆ ಅದ್ದಿ ನೆಡಬಹುದು. ವೆಚ್ಚ ಅಲ್ಪ, ಕೆಲಸ ಸುಲಭ.

ಆದರೆ ಈ ಸೀಮೆಯ ಜೀವನಾಧಾರವು ಭತ್ತವಲ್ಲ, ತೊಗರಿ. 2019ರಲ್ಲಿ ಭೌಗೋಳಿಕ ಗುರುತನ್ನು ಪಡೆದ ಬೇಳೆಯು ಈ ಜಿಲ್ಲೆಯದೇ ಆಗಿದೆ. ತೊಗರಿಯ ಸಂಗಾತಿಯಾದ ಜೀವಾಣುವು ಬೇರಿನ ಹೊರಗೆ ವಾಸಿಸುವುದಲ್ಲ. ಬೇರಿನೊಳಗೇ ಹೊಕ್ಕು ಗಂಟು ಕಟ್ಟಿಕೊಂಡು ಸಂಸಾರ ಹೂಡುವುದು. ಗಿಡವು ಅದಕ್ಕೆ ಸಕ್ಕರೆಯನ್ನುಣಿಸುತ್ತದೆ. ಅದು ಗಿಡಕ್ಕೆ ವಾಯುವಿನ ಸಾರಜನಕವನ್ನು ಅನ್ನಮಾಡಿ ಕೊಡುತ್ತದೆ. ವಾಯುವಿನಲ್ಲಿ ಐದರಲ್ಲಿ ನಾಲ್ಕು ಪಾಲಿನಷ್ಟು ಸಾರಜನಕವಿದ್ದರೂ ಯಾವ ಗಿಡವೂ ಅದನ್ನು ನೇರವಾಗಿ ಉಣ್ಣಲಾರದೆಂಬುದನ್ನು ನೆನೆದರೆ ಈ ವಿನಿಮಯದ ಬೆಲೆ ತಿಳಿಯುವುದು. ಜರ್ಮನಿಯ ಹೆಲ್‌ರೀಗೆಲ್ ಎಂಬವರು 1886ರಲ್ಲಿ ಇದರ ಮರ್ಮವನ್ನು ಪ್ರಕಟಿಸಿದರು. ಹಾಲೆಂಡಿನ ಬೈಯೆರಿಂಕ್ ಎಂಬವರು 1888ರಲ್ಲಿ ಆ ಜೀವಾಣುವನ್ನು ಗಂಟಿನಿಂದ ಬೇರ್ಪಡಿಸಿ ಬೆಳೆಸಿದರು. ಅದಕ್ಕೂ ಎಷ್ಟೋ ಕಾಲ ಮುಂಚೆ, ತೊಗರಿಯಿದ್ದ ಹೊಲದಲ್ಲಿ ಮರುವರ್ಷ ಜೋಳ ಹುಲುಸಾಗಿ ಬರುತ್ತದೆಂಬುದನ್ನು ಇಲ್ಲಿಯ ಮುದುಕರು ಬಲ್ಲವರಾಗಿದ್ದರು. ಕಾರಣ ಮಾತ್ರ ತಿಳಿದಿರಲಿಲ್ಲ.

ಇಲ್ಲಿ ಬಹುಜನರು ಎಡವುವ ಸ್ಥಳವೊಂದಿದೆ. ದ್ವಿದಳ ಧಾನ್ಯಗಳಿಗೆಲ್ಲ ಒಂದೇ ರೈಜೋಬಿಯಂ ಎಂದು ತಿಳಿದು, ಕೈಗೆ ಸಿಕ್ಕ ಪೊಟ್ಟಣವನ್ನು ತರುವುದುಂಟು. ಕಡಲೆಯ ಜೀವಾಣು ತೊಗರಿಯಲ್ಲಿ ಗಂಟು ಕಟ್ಟಲಾರದು. ತೊಗರಿಯದು ಕಡಲೆಗೆ ನಿರುಪಯೋಗಿ. ಸೋಯಾ ಅವರೆಯ ಜೀವಾಣು ಈ ನೆಲಕ್ಕೆ ಪರಕೀಯವಾದುದರಿಂದ, ಅದನ್ನು ಮೊದಲಬಾರಿಗೆ ಬಿತ್ತುವ ಹೊಲಕ್ಕೆ ಅದರದೇ ಪೊಟ್ಟಣ ಅತ್ಯವಶ್ಯ. ತೊಗರಿಗೆ ಹಾಗಲ್ಲ. ತಲೆತಲಾಂತರದಿಂದ ತೊಗರಿ ಬೆಳೆದ ಹೊಲದಲ್ಲಿ ಅದರ ಜೀವಾಣು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಅದು ಸಾಕಷ್ಟಿದೆಯೋ, ಸಮರ್ಥವಾಗಿದೆಯೋ ಎಂಬುದಷ್ಟೇ ಪ್ರಶ್ನೆ.

ಆದುದರಿಂದ ಪೊಟ್ಟಣ ಕೊಳ್ಳುವ ಮೊದಲು ಸಲಿಕೆ ಹಿಡಿಯುವುದು ಲೇಸು. ಬಿತ್ತಿದ ನಲವತ್ತು ಐವತ್ತು ದಿನಗಳಿಗೆ, ಹೂ ಬಿಡುವುದಕ್ಕೆ ಬಹಳ ಮುಂಚೆ, ಹೊಲದ ನಾಲ್ಕಾರು ಕಡೆ ಒಂದೊಂದು ಗಿಡವನ್ನು ಹೆಂಟೆಸಮೇತ ಅಗೆದು ತೆಗೆಯತಕ್ಕದ್ದು. ಕೀಳಬಾರದು, ಎರೆಮಣ್ಣು ಗಂಟುಗಳನ್ನು ಹಿಡಿದುಕೊಂಡು ಬೇರನ್ನಷ್ಟೇ ಬಿಟ್ಟುಕೊಡುತ್ತದೆ, ನೋಡಿದವರು ಗಂಟೇ ಇಲ್ಲವೆಂದು ತಪ್ಪು ತಿಳಿಯುತ್ತಾರೆ. ಹೆಂಟೆಯನ್ನು ಬಕೆಟ್ಟಿನ ನೀರಿನಲ್ಲಿ ನೆನೆಸಿ ಮೆಲ್ಲಗೆ ತೊಳೆದರೆ ಬೇರಿನ ಮಗ್ಗುಲಿಗೆ ಅಂಟಿಕೊಂಡ ಗಂಟುಗಳು ಕಾಣುವುವು. ಬೆರಳಿನಿಂದ ಉಜ್ಜಿದರೆ ಉದುರುವುದು ಜೀವಾಣುವಿನ ಗಂಟು. ಬೇರೇ ಊದಿಕೊಂಡು ಉಜ್ಜಿದರೂ ಉದುರದಿದ್ದರೆ ಅದು ಜಂತುಹುಳುವಿನ ಬಾಧೆ. ಗಂಟನ್ನು ಉಗುರಿನಿಂದ ಸೀಳಿ ನೋಡಬೇಕು. ಒಳಗೆ ಕೆಂಪಗೆ ಅಥವಾ ಗುಲಾಬಿ ಬಣ್ಣವಾಗಿದ್ದರೆ ಕೆಲಸ ನಡೆಯುತ್ತಿದೆ. ಬಿಳುಪಾಗಿಯೋ ಹಸಿರಾಗಿಯೋ ಇದ್ದರೆ ಅದು ಉಂಡು ಮಲಗಿದ ಆಳಿನಂತೆ. ಒಳಗೆ ಟೊಳ್ಳಾಗಿದ್ದರೆ ನೊಣವೊಂದರ ಮರಿ ಹೊಕ್ಕು ತಿಂದಿರಬಹುದು. ಈ ತಾಲ್ಲೂಕುಗಳಿಗೆ ಬಹುದೂರವಲ್ಲದ ಪಟಾನ್‌ಚೆರುವಿನಲ್ಲಿ 1972ರಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ಸಂಶೋಧನಾಲಯದವರು ಎರೆಭೂಮಿಯ ತೊಗರಿಯಲ್ಲಿ ಈ ಪೀಡೆಯನ್ನು ಗುರುತಿಸಿದ್ದಾರೆ. ಕೆಂಪು ಗಂಟುಗಳು ಹೇರಳವಾಗಿರುವ ಹೊಲಕ್ಕೆ ಪೊಟ್ಟಣದಿಂದ ಹೆಚ್ಚಿನ ಲಾಭವಾಗದು, ಗಂಟು ವಿರಳವಾದಲ್ಲಿ ಆದೀತು. ಈ ಪರೀಕ್ಷೆಗೆ ಕಾಸಿನ ವೆಚ್ಚವಿಲ್ಲ. ಹೀಗಿದ್ದೂ ಮಾಡುವವರು ವಿರಳ.

ಪೊಟ್ಟಣ ಬೇಕೆಂದು ನಿಶ್ಚಯಿಸಿದ ಮೇಲೆ ಅದನ್ನು ಬೀಜಕ್ಕಿಂತ ಜೋಪಾನವಾಗಿ ನೋಡಿಕೊಳ್ಳಬೇಕು. 2006ರಲ್ಲಿ ಕೇಂದ್ರ ಸರಕಾರವು ಜೀವಾಣು ಗೊಬ್ಬರಗಳನ್ನು ರಸಗೊಬ್ಬರ ನಿಯಂತ್ರಣ ಆಜ್ಞೆಯೊಳಕ್ಕೆ ತಂದು, ಪುಡಿಯ ರೂಪದ್ದಕ್ಕೆ ಗ್ರಾಮಿಗೆ 5 ಕೋಟಿ, ದ್ರವರೂಪದ್ದಕ್ಕೆ ಮಿಲಿಲೀಟರಿಗೆ 10 ಕೋಟಿ ಜೀವಂತ ಜೀವಾಣುಗಳಿರಬೇಕೆಂದು ಕಟ್ಟುಮಾಡಿತು. ಪೈರಿನ ಹೆಸರು, ತಯಾರಿಸಿದ ದಿನ, ಅವಧಿ ಮುಗಿಯುವ ದಿನ, ಇವಿಲ್ಲದ ಪೊಟ್ಟಣವನ್ನು ಮುಟ್ಟಬಾರದು. ಆದರೆ ಕಾರ್ಖಾನೆಯಿಂದ ಹೊರಟಾಗ ಇದ್ದ ಸಂಖ್ಯೆಯು ಇಲ್ಲಿಗೆ ತಲಪುವಾಗ ಉಳಿದಿರುವುದೆಂಬ ಭರವಸೆಯನ್ನು ಯಾವ ಆಜ್ಞೆಯೂ ಕೊಡಲಾರದು. ಮೇ ತಿಂಗಳಿನಲ್ಲಿ ಶಹಾಬಾದಿನ ಹಾಸುಗಲ್ಲು ಹೆಂಚಿನಂತೆ ಕಾಯುವ ಸೀಮೆಯಿದು. ತಗಡಿನ ಮಾಳಿಗೆಯ ಕೆಳಗೆ ವಾರಗಟ್ಟಲೆ ಬಿದ್ದ ಪೊಟ್ಟಣದಲ್ಲಿ ಉಳಿಯುವುದು ಕರಿಯ ಪುಡಿ ಮಾತ್ರ.

200 ಗ್ರಾಂ ಪೊಟ್ಟಣವು ಸುಮಾರು 10 ಕಿಲೋ ಬೀಜಕ್ಕೆ ಸಾಕು. ಬೆಲ್ಲದ ನೀರನ್ನು ಕುದಿಸಿ, ಪೂರ್ತಿ ಆರಿಸಿ, ಅದರಲ್ಲಿ ಪುಡಿಯನ್ನು ಕಲಸಿ ಬೀಜಕ್ಕೆ ಸವರಿ, ನೆರಳಿನಲ್ಲಿ ಒಣಗಿಸಿ ಅಂದೇ ಬಿತ್ತತಕ್ಕದ್ದು. ರೋಗನಾಶಕ ಔಷಧವನ್ನು ಹಚ್ಚುವುದಿದ್ದರೆ ಅದು ಮೊದಲು, ಜೀವಾಣು ಕೊನೆಗೆ. ಎರಡನ್ನೂ ಒಂದೇ ಬೋಗುಣಿಯಲ್ಲಿ ಕಲಸುವುದು ಹಾಲಿಗೆ ಹುಳಿ ಹಿಂಡಿದಂತೆ.

ಬಿತ್ತಿದ ತರುವಾಯ ಎರಡು ಶತ್ರುಗಳಿವೆ. ಒಂದು ಮಿತಿಮೀರಿದ ಯೂರಿಯಾ. ಸಿದ್ಧಾನ್ನ ದೊರೆತ ಗಿಡವು ಜೀವಾಣುವನ್ನು ಸಾಕಲೊಲ್ಲದು. ಎಕರೆಗೆ 50 ಕಿಲೋ ಡಿಎಪಿ ಹಾಕಿದರೆ ಅದರಲ್ಲಿಯೇ 9 ಕಿಲೋ ಸಾರಜನಕವಿರುತ್ತದೆ. ಎಳೆಯ ತೊಗರಿಗೆ ಅಷ್ಟು ಧಾರಾಳವಾಯಿತು. ಇನ್ನೊಂದು, ನಿಂತ ನೀರು. ಭತ್ತದ ಗದ್ದೆಗೆ ವರವಾದದ್ದೇ ತೊಗರಿಗೆ ಶಾಪ. ಬೇರಿನ ಗಂಟಿಗೆ ಉಸಿರಾಟ ಬೇಕು. ಶ್ರಾವಣ ಭಾದ್ರಪದಗಳ ಜಡಿಮಳೆಯಲ್ಲಿ ಕಾಗಿಣಾ ತೀರದ ಎರೆಹೊಲಗಳಲ್ಲಿ ನೀರು ನಿಂತರೆ ಗಂಟುಗಳು ಕೆಲಸ ನಿಲ್ಲಿಸಿ ಎಲೆ ಹಳದಿಯಾಗುತ್ತದೆ. ಸಾಲುಗಳ ನಡುವೆ ಹರಿ ತೆಗೆದು ನೀರನ್ನು ಹೊರಗೆ ಬಿಡುವವನು ಎರಡು ಪೊಟ್ಟಣ ಹಚ್ಚಿದವನಿಗಿಂತ ಹೆಚ್ಚು ಉಪಕಾರವನ್ನು ತನ್ನ ಜೀವಾಣುಗಳಿಗೆ ಮಾಡಿದಂತಾಯಿತು.

ರಂಜಕವನ್ನು ಕರಗಿಸುವ ಜೀವಾಣುಗಳ ವಿಷಯದಲ್ಲಿಯೂ ಒಂದು ಮಾತು. ಕೆಳಗೆ ಸುಣ್ಣದ ಕಲ್ಲು, ಮೇಲೆ ಸುಣ್ಣಮಿಶ್ರಿತ ಎರೆ. ಹಾಕಿದ ರಂಜಕವನ್ನು ಸುಣ್ಣವು ಕಟ್ಟಿಹಾಕುತ್ತದೆ. ಈ ಜೀವಾಣುಗಳು ಆಮ್ಲಗಳನ್ನು ಸ್ರವಿಸಿ ಅದನ್ನು ಸ್ವಲ್ಪಮಟ್ಟಿಗೆ ಬಿಡಿಸುತ್ತವೆ. ಇಷ್ಟೊಂದು ಸುಣ್ಣದೆದುರು ಅವುಗಳ ಆಮ್ಲ ಎಷ್ಟರದು? ತಿಪ್ಪೆಗೊಬ್ಬರದೊಡನೆ ಬೆರೆಸಿ ಕೊಟ್ಟರೆ ಸಹಾಯವಾದೀತು. ರಂಜಕದ ಗೊಬ್ಬರವನ್ನೇ ಬಿಟ್ಟು ಇದನ್ನೇ ನಂಬುವುದು ಸಲ್ಲದು. ಹಾಗೆಯೇ 2022ರ ಹಂಗಾಮಿನಲ್ಲಿ ಜಿಲ್ಲೆಯ ತೊಗರಿಯನ್ನು ಒಣಗಿಸಿದ ನೆಟೆರೋಗಕ್ಕೆ ರೈಜೋಬಿಯಂ ಔಷಧವಲ್ಲ. ಹಾಗೆಂದು ಹೇಳಿ ಮಾರುವವರನ್ನು ಊರಿನ ಹಿರಿಯರು ಚಾವಡಿಗೆ ಕರೆದು ವಿಚಾರಿಸುವುದು ಒಳ್ಳೆಯದು. ನೆಟೆಗೆ ಬೇಕಾದದ್ದು ರೋಗ ತಡೆಯುವ ತಳಿ ಮತ್ತು ಬೆಳೆಯ ಬದಲಾವಣೆ.

ಇಷ್ಟೆಲ್ಲ ತಿಳಿದೂ ಹೊಲಗಳು ಸುಧಾರಿಸದಿರುವುದಕ್ಕೆ ಮುಖ್ಯ ಕಾರಣ ಬೇರೆಯೇ ಇದೆ. ಕಾಗದದ ಮೇಲೆ ಇರಲಿ ಇಲ್ಲದಿರಲಿ, ಈ ಸೀಮೆಯಲ್ಲಿ ಎಷ್ಟೋ ಹೊಲಗಳು ಪಾಲಿಗೋ ಲಾವಣಿಗೋ ವರ್ಷದ ಮಾತಿನ ಮೇಲೆ ನಡೆಯುತ್ತವೆಂಬುದು ಊರಿಗೆಲ್ಲ ಗೊತ್ತು. ಯೂರಿಯಾದ ಫಲ ಅದೇ ವರ್ಷ ಕೈಸೇರುತ್ತದೆ. ತಿಪ್ಪೆಗೊಬ್ಬರ, ಉದುರಿದ ಎಲೆ, ಜೀವಾಣು, ಇವುಗಳ ಫಲದಲ್ಲಿ ಬಹುಪಾಲು ಮಣ್ಣಿನಲ್ಲಿ ಉಳಿದು ಮುಂದಿನ ವರ್ಷಗಳಿಗೆ ಒದಗುತ್ತದೆ. ಮುಂದಿನ ವರ್ಷ ಆ ಹೊಲ ತನ್ನ ಕೈಯಲ್ಲಿರುವುದೋ ಇಲ್ಲವೋ ಅರಿಯದ ಬಡವನು ಇದಕ್ಕೆ ಹಣ ಹಾಕಲಿಲ್ಲವೆಂದು ಅವನನ್ನು ಹಳಿಯುವುದು ನ್ಯಾಯವಲ್ಲ. ಮಣ್ಣು ಯಾರದೋ ಮಣ್ಣಿನ ವೆಚ್ಚವೂ ಅವರದಾಗಬೇಕು. ಗೊಬ್ಬರದ ಬಂಡಿಗಳನ್ನೂ ಪೊಟ್ಟಣಗಳನ್ನೂ ಜಮೀನುದಾರರು ತಮ್ಮ ಲೆಕ್ಕಕ್ಕೆ ಬರೆದುಕೊಂಡು, ಮೂರು ವರ್ಷಗಳಾದರೂ ಒಬ್ಬನ ಕೈಯಲ್ಲಿಯೇ ಹೊಲವನ್ನಿಟ್ಟರೆ, ಅವರಿಗೆ ನಷ್ಟವಾಗುವುದೆಂಬ ಶಂಕೆಗೆ ಆಧಾರವಿಲ್ಲ.

ಗ್ರಾಮದ ಮುಖಂಡರು ಈ ವರ್ಷ ಮಾಡಬಹುದಾದದ್ದು ಇಷ್ಟು. ಎಷ್ಟು ಎಕರೆಗೆ ಪೊಟ್ಟಣ ಬೇಕೆಂಬುದನ್ನು ಮೊದಲೇ ಬರೆಯಿಸಿಕೊಂಡು ರೈತ ಸಂಪರ್ಕ ಕೇಂದ್ರಕ್ಕೆ ತಿಳಿಸುವುದು. ಬೇಸಗೆಯಲ್ಲಿ ತಂದು ರಾಶಿಹಾಕದೆ, ಮೃಗಶಿರಾ ಮಳೆ ಬಿದ್ದು ಹೊಲ ಹದವಾಗುವ ಹೊತ್ತಿಗೆ ಒಬ್ಬರನ್ನು ಕಳುಹಿಸಿ ಒಟ್ಟಾಗಿ ತರಿಸುವುದು. ಬಿತ್ತುವವರೆಗೆ ಹಸಿ ಮರಳಿನಲ್ಲಿ ಹುಗಿದ ಮಣ್ಣಿನ ಗಡಿಗೆಯೊಳಗೆ, ಬಾಯಿಗೆ ಒದ್ದೆಬಟ್ಟೆ ಹೊದಿಸಿ, ಒಳಮನೆಯ ತಂಪಿನಲ್ಲಿ ಇಡಿಸುವುದು.